ಪಕ್ಕದ ಟೇಬಲ್ಲಿನೋರು ಕೆಲ್ಸ ಮಾಡ್ದಿದ್ರೂ ನಮ್ಮ ಹುರುಪು ಉಳಿಸ್ಕೊಳ್ಳೋದು ಹೇಗೆ

ನಮ್ಮ ಸೆಕ್ಷನ್ನಿಗೆ ಹೊಸದಾಗಿ ಬಂದಿರೋ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುಡುಗ ಮೊನ್ನೆ ಊಟದ ಡಬ್ಬಿ ಮುಚ್ತಾ ಕೇಳ್ದ, "ಮೇಡಂ, ನಾನು ಬೆಳಿಗ್ಗೆಯಿಂದ ನಲವತ್ತು ಅರ್ಜಿ ನೋಡ್ದೆ, ಪಕ್ಕದ ಟೇಬಲ್ಲಿನೋರು ನಾಲ್ಕೂ ನೋಡ್ಲಿಲ್ಲ, ತಿಂಗ್ಳ ಕೊನೇಲಿ ಅವ್ರಿಗೆ ನನಗಿಂತ ಜಾಸ್ತಿನೇ ಸಂಬ್ಳ ಬರತ್ತೆ, ಹಂಗಾದ್ರೆ ನಾನ್ಯಾಕೆ ಸಾಯ್ಬೇಕು ಹೇಳಿ?" ಅಂತ. ಆ ಪ್ರಶ್ನೆ ನನಗೆ ಹೊಸದಲ್ಲ. ತಾಲ್ಲೂಕು ಆಫೀಸಲ್ಲಿ ನನಗೀಗ ಹನ್ನೊಂದು ವರ್ಷ, ಎಸ್‌ಡಿಎ ಆಗಿ ಸೇರಿ ಈಗ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಆಗಿದೀನಿ, ಮೂರ್ನೇ ವರ್ಷದಲ್ಲಿ ನನಗೂ ಇದೇ ಪ್ರಶ್ನೆ ಬಂದು ಸುಮಾರು ಎಂಟು ತಿಂಗ್ಳು ಬೆಳಿಗ್ಗೆ ಎದ್ರೆ ಆಫೀಸಿಗೆ ಹೋಗೋಕೇ ಮನಸ್ಸಾಗ್ತಿರ್ಲಿಲ್ಲ. ಅವತ್ತು ಯಾರಾದ್ರೂ ಕೂರ್ಸಿ ಹೇಳಿದ್ರೆ ಆ ಎಂಟು ತಿಂಗ್ಳು ಉಳೀತಿತ್ತು, ಅದಕ್ಕೇ ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ. ನಂದು ಸರ್ಕಾರಿ ಆಫೀಸಿನ ಅನುಭವ, ಆದ್ರೆ ಬ್ಯಾಂಕಲ್ಲಿರೋ ನಮ್ಮಣ್ಣಂಗೂ ಸಾಫ್ಟ್‌ವೇರ್ ಕಂಪನೀಲಿರೋ ತಂಗಿಗೂ ಇದ್ರಲ್ಲಿ ಮುಕ್ಕಾಲು ಪಾಲು ಹೊಂದತ್ತೆ ಅಂತ ಅವ್ರೇ ಹೇಳ್ತಾರೆ.

ಮೊದ್ಲು ಇದು ಯಾಕಾಗತ್ತೆ ಅಂತ ತಿಳ್ಕೊಳ್ಳಿ

ನಮ್ಮ ಆಫೀಸಿನವ್ರೇ ಹಿಂಗೆ, ಸರ್ಕಾರಿ ನೌಕರ್ರೇ ಹಿಂಗೆ ಅಂತ ನಾವು ಅನ್ಕೊಂಡ್ಬಿಡ್ತೀವಿ, ಅದು ಪೂರ್ತಿ ನಿಜ ಅಲ್ಲ. ಫ್ರಾನ್ಸಲ್ಲಿ ಮ್ಯಾಕ್ಸ್ ರಿಂಗಲ್‌ಮನ್ ಅನ್ನೋ ಕೃಷಿ ಇಂಜಿನಿಯರ್ ಒಬ್ರು 1880ರ ದಶಕದಲ್ಲಿ ಜನರ ಕೈಲಿ ಹಗ್ಗ ಎಳೆಸಿ ಬಲ ಅಳೆದು ನೋಡಿದ್ರು, 1913ರಲ್ಲಿ ಅದನ್ನ ಪ್ರಕಟಿಸಿದ್ರು. ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ರಿಂದ ಬರ್ತಿದ್ದ ಬಲ ಅವ್ರು ಒಬ್ರೇ ಎಳೆದಾಗ ಬರೋದ್ರಲ್ಲಿ ಹತ್ತತ್ರ ಅರ್ಧ ಮಾತ್ರ. ಒಂದಿಷ್ಟು ತಾಳ ತಪ್ಪಿದ್ದಕ್ಕೆ, ಇನ್ನೊಂದಿಷ್ಟು "ಉಳಿದೋರು ಎಳೀತಾರೆ ಬಿಡು" ಅನ್ನೋದಕ್ಕೆ. ಆಮೇಲೆ ಅಮೆರಿಕದಲ್ಲಿ ಲಟಾನೆ ಅನ್ನೋ ಮನಶ್ಶಾಸ್ತ್ರಜ್ಞ ಮತ್ತವರ ಜೊತೆಗಾರ್ರು 1979ರಲ್ಲಿ ಚಪ್ಪಾಳೆ ಹೊಡೆಸಿ ಕೂಗಾಡ್ಸಿ ಪರೀಕ್ಷೆ ಮಾಡಿದ್ರು, ಅಲ್ಲೂ ಅದೇ ಕಥೆ, ಗುಂಪಲ್ಲಿದ್ದಾಗ ಒಬ್ಬೊಬ್ರ ಸದ್ದು ಕಮ್ಮಿ. ಇದಕ್ಕೆ ಸೋಷಿಯಲ್ ಲೋಫಿಂಗ್, ಅಂದ್ರೆ ಗುಂಪಲ್ಲಿದ್ದಾಗಿನ ಸೋಮಾರಿತನ, ಅಂತ ಹೆಸ್ರಿಟ್ರು. ಮುಂದೆ ಅವ್ರೇ ಮಾಡಿದ ಇನ್ನೊಂದು ಪರೀಕ್ಷೇಲಿ ಯಾರ್ಯಾರು ಎಷ್ಟೆಷ್ಟು ಕೂಗ್ತಿದಾರೆ ಅಂತ ಬೇರೆ ಬೇರೆ ಗೊತ್ತಾಗತ್ತೆ ಅಂದಾಗ ಜನ ಗುಂಪಲ್ಲೂ ಜೋರಾಗೇ ಕೂಗಿದ್ರು. ಈ ಮಾತು ನೆನ್ಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ನಮ್ಮ ಹುಡುಗನ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟಿದ್ದು 1983ರಲ್ಲಿ ನಾರ್ಬರ್ಟ್ ಕೆರ್ ಅನ್ನೋರು ಮಾಡಿದ ಅಧ್ಯಯನ. ಜೊತೆಗಾರ ಮಾಡೋ ಶಕ್ತಿ ಇದ್ದೂ ಮಾಡ್ತಿಲ್ಲ ಅಂತ ಗೊತ್ತಾದ್ರೆ ಚೆನ್ನಾಗಿ ಮಾಡ್ತಿದ್ದೋನೂ ಕೈ ಬಿಡ್ತಾನೆ, ಅವ್ನಿಗೋಸ್ಕರ ನಾನ್ಯಾಕೆ ದುಡೀಲಿ ಅಂತ. ಅದೇ ಜೊತೆಗಾರನ ಕೈಲಿ ನಿಜವಾಗ್ಲೂ ಆಗ್ತಿಲ್ಲ ಅಂತ ಗೊತ್ತಿದ್ರೆ ಅಷ್ಟಾಗಿ ಬಿಡಲ್ಲ. ಅಂದ್ರೆ ನಮ್ಮನ್ನ ಸುಸ್ತು ಮಾಡೋದು ಬರೀ ಕೆಲ್ಸದ ಹೊರೆ ಅಲ್ಲ, ನಾನು ಮೋಸ ಹೋಗ್ತಿದೀನಿ ಅನ್ನೋ ಸಂಕಟ. ಹೊರೆ ಇಳ್ಸೋಕೆ ಬೇರೆ ದಾರಿ, ಸಂಕಟ ಇಳ್ಸೋಕೆ ಬೇರೆ ದಾರಿ, ಎರಡೂ ಮಾಡ್ಬೇಕಾಗತ್ತೆ.

ಬರಲ್ವೋ, ಮನಸ್ಸಿಲ್ವೋ ನೋಡಿ

ನನ್ನ ಎದುರು ಟೇಬಲ್ಲಲ್ಲಿ ಒಬ್ರು ಹಿರಿಯರಿದ್ರು, ರಿಟೈರ್ಮೆಂಟಿಗೆ ಎರಡು ವರ್ಷ ಬಾಕಿ. ಫೈಲು ಟಿಪ್ಪಣಿ ಬರ್ದು ಮೇಲಿನೋರಿಗೆ ಪುಟ್ ಅಪ್ ಮಾಡೋದೇ ಇಲ್ಲ, ಡ್ರಾಯರ್ ತುಂಬಾ ಅರ್ಜಿ, ಕೇಳಿದ್ರೆ "ನೋಡ್ತೀನಿ ಕಣಮ್ಮ" ಅಂತ ಎದ್ದು ಟೀಗೆ ಹೋಗೋರು. ನಾನು ಅವ್ರ ಬಗ್ಗೆ ಮನೇಲಿ ದಿನಾ ಬೈಕೊಂಡಿದೀನಿ. ಒಂದಿನ ಎಲ್ರೂ ಹೋದ್ಮೇಲೆ ಛತ್ರಿ ಮರ್ತಿದ್ದೆ ಅಂತ ವಾಪಸ್ ಬಂದೆ, ಅವ್ರು ಒಬ್ರೇ ಕಂಪ್ಯೂಟರ್ ಮುಂದೆ ಕೂತು ಒಂದೇ ಬೆರಳಲ್ಲಿ ಟಿಪ್ಪಣಿ ಟೈಪ್ ಮಾಡ್ತಿದ್ರು. ಪರದೆ ಮೇಲೆ "ಸಕ" ಅಂತ ಬಂದು ನಿಂತಿತ್ತು, ಸಕ್ಷಮ ಪ್ರಾಧಿಕಾರ ಅಂತ ಬರೀಬೇಕಿತ್ತು ಅವ್ರು, ಕ್ಷ ಹೊಡೆಯೋದು ಹೇಗೆ ಅಂತ ಗೊತ್ತಾಗ್ದೆ ಕೀಬೋರ್ಡ್ ಪೂರ್ತಿ ಹುಡುಕ್ತಿದಾರೆ. ನನ್ನ ನೋಡಿ ಗಾಬರಿಯಾಗಿ ಸ್ಕ್ರೀನ್ ಆಫ್ ಮಾಡೋಕೆ ಹೋದ್ರು. ನಾನು ಹತ್ರ ಹೋಗಿ, "ಸಾರ್, ಕೆ, ಆಮೇಲೆ ಎಫ್, ಆಮೇಲೆ ಎಕ್ಸ್" ಅಂದೆ. ಒತ್ತಿದ್ರು. ಕ್ಷ ಬಂತು. ಮೂವತ್ತು ವರ್ಷ ಪೆನ್ನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಟಿಪ್ಪಣಿ ಬರೆದ ಮನುಷ್ಯ, ಕನ್ನಡ ಟೈಪ್ ಮಾಡೋ ನುಡಿ ಕೀಬೋರ್ಡಿನ ಒಂದು ಒತ್ತಕ್ಷರಕ್ಕೆ ನಮ್ಮಂಥ ಚಿಕ್ಕವರ ಹತ್ರ ಕೇಳೋಕೆ ನಾಚ್ಕೊಂಡು ಸೋಮಾರಿ ಅನ್ನಿಸ್ಕೊಂಡು ಓಡಾಡ್ತಿದ್ರು.

ಅವತ್ತಿಂದ ಹದಿನೈದು ದಿನ ಸಂಜೆ ಕಾಲು ಗಂಟೆ ಕೂತು ಹೇಳ್ಕೊಟ್ಟೆ. ಅವ್ರೇನೂ ಸ್ಪೀಡ್ ಆಗ್ಲಿಲ್ಲ, ಆದ್ರೆ ಡ್ರಾಯರ್ ಖಾಲಿಯಾಯ್ತು, ಅದಕ್ಕೆ ಬದ್ಲಾಗಿ ಹಳೇ ಭೂಸುಧಾರಣೆ ಕೇಸಿನ ಫೈಲು ಓದೋದು ಹೇಗೆ, ಕೈಬರಹದ ಪಹಣೀಲಿ ಯಾವ ಕಾಲಂ ಏನು ಹೇಳತ್ತೆ ಅಂತ ಅವ್ರು ನನಗೆ ಕಲ್ಸಿದ್ದು ಯಾವ ಟ್ರೈನಿಂಗಲ್ಲೂ ಸಿಗಲ್ಲ.

ಹಂಗಂತ ಎಲ್ರೂ ಅವ್ರ ತರ ಅಲ್ಲ. ಕೆಲ್ಸ ಬಂದೂ ಮಾಡ್ದೇ ಇರೋರು ಇದಾರೆ, ಬೇಕಾದಷ್ಟು. ಆದ್ರೆ ತೀರ್ಮಾನ ಮಾಡೋಕೆ ಮುಂಚೆ ಒಂದು ವಾರ ಗಮನಿಸಿ. ಸುಲಭದ ಕೆಲ್ಸ ಮಾಡಿ ಕಷ್ಟದ್ದು ಮಾತ್ರ ಬಿಡ್ತಿದಾರೆ ಅಂದ್ರೆ ಬಹುಶಃ ಬರಲ್ಲ. ಮನೇಲಿ ಯಾರಿಗೋ ಡಯಾಲಿಸಿಸ್, ಮಗುಗೆ ಹುಷಾರಿಲ್ಲ, ಈ ತರದ್ದೂ ಇರತ್ತೆ. ಎರಡೂ ಅಲ್ಲ, ಬೇಕಂತ್ಲೇ ನಿಮ್ಮ ತಲೆಗೆ ಕಟ್ತಿದಾರೆ ಅಂತ ಖಾತ್ರಿಯಾದ್ರೆ ಆಗ ಮುಂದಿನ ಹೆಜ್ಜೆಗಳು.

ಲೆಕ್ಕ ಇಡೋದು ನಿಲ್ಸಿ

ಇದು ಹೇಳೋಕೆ ಸುಲಭ, ಮಾಡೋಕೆ ತುಂಬಾ ಕಷ್ಟ, ನನಗೆ ಗೊತ್ತು. ಅವ್ರು ಎಷ್ಟೊತ್ತಿಗೆ ಬಂದ್ರು, ಎಷ್ಟು ಸಲ ಎದ್ದು ಹೋದ್ರು, ಫೋನಲ್ಲಿ ಎಷ್ಟೊತ್ತು ರೀಲ್ಸ್ ನೋಡಿದ್ರು, ಅದೆಲ್ಲ ನಮ್ಮ ಕಣ್ಣಿಗೆ ಬೀಳ್ತಾನೇ ಇರತ್ತೆ. ಆದ್ರೆ ನೋಡೋದು ಬೇರೆ, ಎಣಿಸೋದು ಬೇರೆ. ಆ ಎಂಟು ತಿಂಗ್ಳಲ್ಲಿ ನಾನು ಎಷ್ಟು ಎಣಿಸ್ತಿದ್ದೆ ಅಂದ್ರೆ ನನ್ನ ಸ್ವಂತ ಫೈಲಲ್ಲಿ ಸರ್ವೆ ನಂಬರ್ ತಪ್ಪು ಹಾಕಿ ನೋಟಿಸ್ ಕಳ್ಸಿ ನಮ್ಮ ಮೇಲಿನೋರಾದ ಶಿರಸ್ತೇದಾರ್ ಹತ್ರ ಬೈಸ್ಕೊಂಡೆ. ಅವ್ರು ಆರಾಮಾಗಿದ್ರು, ಏಟು ಬಿದ್ದಿದ್ದು ನನಗೆ.

ಮಾಡಿ ನೋಡ್ಬಹುದಾದ್ದು ಇಷ್ಟು. ಕುರ್ಚಿ ಸ್ವಲ್ಪ ತಿರುಗಿಸಿ, ಅವ್ರ ಟೇಬಲ್ ನೇರ ಕಣ್ಣಿಗೆ ಬೀಳ್ದಂಗೆ. ಹುಡುಗಾಟದ ಮಾತು ಅನ್ಸತ್ತೆ, ಆದ್ರೆ ಕೆಲ್ಸ ಮಾಡತ್ತೆ. ಎರಡ್ನೇದು, ಟೀ ಗುಂಪು ಬದಲಾಯ್ಸಿ. ಪ್ರತಿ ಆಫೀಸಲ್ಲೂ ಒಂದು ಗುಂಪು ಇರತ್ತೆ, ಅಲ್ಲಿ ಟೀ ಜೊತೆ ಬಿಸ್ಕತ್ತಿಗಿಂತ ಜಾಸ್ತಿ ಖರ್ಚಾಗೋದು "ಅವ್ನು ಏನೂ ಮಾಡಲ್ಲ ಗೊತ್ತಾ" ಅನ್ನೋ ಮಾತು, ಕೇಳಿದಾಗ ಹಗುರ ಅನ್ಸತ್ತೆ, ವಾಪಸ್ ಸೀಟಿಗೆ ಬಂದಾಗ ಕೈ ಓಡಲ್ಲ. ನಾನು ರೆಕಾರ್ಡ್ ರೂಮಿನ ಡಿ ಗ್ರೂಪ್ ಅಕ್ಕನ ಜೊತೆ ಟೀ ಕುಡಿಯೋಕೆ ಶುರು ಮಾಡ್ದೆ, ಯಾವ ವರ್ಷದ ಕಟ್ಟು ಯಾವ ರ‍್ಯಾಕಲ್ಲಿದೆ ಅಂತ ಅವ್ರಿಗೆ ಗೊತ್ತಿದ್ದಷ್ಟು ಇಡೀ ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ.

ನಿಮ್ಮ ಕೆಲ್ಸ ನಿಮ್ಮದೇ ಅಂತ ಕಾಣೋ ಹಾಗೆ ಮಾಡಿ

ಕೂಗೋ ಪರೀಕ್ಷೆ ನೆನ್ಪಿದ್ಯಲ್ಲ, ಯಾರು ಎಷ್ಟು ಅಂತ ಬೇರೆ ಬೇರೆ ಗೊತ್ತಾಗತ್ತೆ ಅಂದಾಗ ಜನ ಜೋರಾಗೇ ಕೂಗಿದ್ದು, ಅದು ಇಲ್ಲಿಗೆ. ಒಂದು ಉದ್ದನೆ ನೋಟ್‌ಬುಕ್ ತಗೊಳ್ಳಿ, ಅಂಗಡೀಲಿ ಲೆಕ್ಕಕ್ಕೆ ಇಡ್ತಾರಲ್ಲ ಅಂಥದ್ದು. ದಿನಕ್ಕೆ ಒಂದು ಸಾಲು ಸಾಕು: ಬಂದಿದ್ದು, ಮುಗ್ಸಿದ್ದು, ಬಾಕಿ, ಬಾಕಿ ಯಾಕೆ. ಕೊನೇ ಕಾಲಂ ಬಿಡ್ಬೇಡಿ. "ಗ್ರಾಮ ಆಡಳಿತಾಧಿಕಾರಿ ವರದಿ ಬಂದಿಲ್ಲ", "ಅರ್ಜಿದಾರರು ಆಧಾರ್ ಜೆರಾಕ್ಸ್ ಕೊಟ್ಟಿಲ್ಲ", "ಸಾಹೇಬ್ರ ಟೇಬಲ್ಲಲ್ಲಿದೆ", ಹೀಗೆ. ಶುರುಲಿ ಇದು ಇನ್ನೊಂದು ಕೆಲ್ಸ ಅನ್ಸತ್ತೆ, ಸಂಜೆ ಐದು ನಿಮಿಷ ಅಷ್ಟೇ.

ಇದ್ರಿಂದ ಆಗೋದೇನು ಅಂದ್ರೆ, ಮೊದ್ಲು ನಿಮ್ಮ ಅಳತೆಗೋಲು ಬದ್ಲಾಗತ್ತೆ. ಪಕ್ಕದೋರು ನಾಲ್ಕು ಮಾಡಿದ್ರಾ ಐದು ಮಾಡಿದ್ರಾ ಅನ್ನೋದು ಹೋಗಿ ಹೋದ ವಾರ ನನ್ನ ಬಾಕಿ 63 ಇತ್ತು ಈ ವಾರ 41ಕ್ಕೆ ಬಂತು ಅನ್ನೋದು ಬರತ್ತೆ, ಆ ಅಂಕಿ ಇಳಿಯೋದು ನೋಡೋ ಖುಷಿ ಬೇರೆ. ಇನ್ನೊಂದು, ಸಭೇಲಿ "ನಿಮ್ಮ ಸೆಕ್ಷನ್ನಲ್ಲಿ ಇಷ್ಟೊಂದು ಪೆಂಡಿಂಗ್ ಯಾಕೆ" ಅಂತ ಎಲ್ರನ್ನೂ ಸೇರ್ಸಿ ಬೈದಾಗ ನೀವು ದನಿ ಏರಿಸ್ದೆ ಪುಸ್ತಕ ತೆಗ್ದು ತೋರಿಸ್ಬಹುದು. ಕಂಪ್ಯೂಟರಲ್ಲೇ ಫೈಲು ಓಡಾಡೋ ಇ-ಆಫೀಸ್ ಬಂದ್ಮೇಲೆ ಫೈಲು ಯಾರ ಹತ್ರ ಎಷ್ಟು ದಿನದಿಂದ ಕೂತಿದೆ ಅಂತ ಅದ್ರಲ್ಲೇ ಕಾಣತ್ತೆ, ಆದ್ರೂ ನೋಟ್‌ಬುಕ್ ಬಿಡ್ಬೇಡಿ, ಯಾಕಂದ್ರೆ ಕೌಂಟರಲ್ಲಿ ನಿಂತೋರಿಗೆ ಉತ್ರ ಹೇಳಿದ್ದು, ಫೋನ್ ಮಾಡಿ ವರದಿ ತರಿಸಿದ್ದು ಯಾವ ಸಾಫ್ಟ್‌ವೇರಲ್ಲೂ ಬರಲ್ಲ.

ಒಂದು ಎಚ್ಚರಿಕೆ, ಇದನ್ನ ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ: ಇನ್ನೊಬ್ರ ಲಾಗಿನ್‌ನಲ್ಲಿ ಕೂತು ಕೆಲ್ಸ ಮಾಡ್ಬೇಡಿ. "ಪಾಸ್‌ವರ್ಡ್ ಇಲ್ಲಿದೆ, ಸ್ವಲ್ಪ ಮಾಡ್ಬಿಡಪ್ಪ" ಅಂತ ಚಿಕ್ಕವರಿಗೆ ಹೇಳೋದು ಸಾಮಾನ್ಯ ಆಗ್ಬಿಟ್ಟಿದೆ. ಒಳ್ಳೇದಾದ್ರೆ ಹೆಸ್ರು ಅವ್ರದು, ತಪ್ಪಾದ್ರೆ ಅವ್ರು "ನಾನು ಮಾಡಿಲ್ಲ" ಅಂತಾರೆ, ಅದು ನಿಜಾನೂ ಆಗಿರತ್ತೆ, ಆಮೇಲೆ ವಿಚಾರಣೆ ಎದುರಿಸೋದು ನೀವು.

ಇಲ್ಲ ಅನ್ನೋಕೆ ಕಲೀರಿ, ಆದ್ರೆ ಇಲ್ಲ ಅನ್ನೋ ಪದ ಬಳಸ್ದೆ

ದುಡಿಯೋ ಎತ್ತಿಗೇ ಎರಡು ಏಟು ಜಾಸ್ತಿ ಅಂತಾರಲ್ಲ, ಆಫೀಸಲ್ಲೂ ಹಂಗೇ. ಸಾಹೇಬ್ರಿಗೆ ಅರ್ಜೆಂಟ್ ಇದೆ, ಯಾರಿಗೆ ಕೊಟ್ರೆ ಆಗತ್ತೆ ಅಂತ ಗೊತ್ತು, ಸೀದಾ ನಿಮ್ಮ ಟೇಬಲ್ಲಿಗೆ ಬರತ್ತೆ. ಅದ್ರಲ್ಲಿ ಅವ್ರಿಗೆ ಕೆಟ್ಟ ಉದ್ದೇಶ ಇರಲ್ಲ, ನಂಬಿಕೆ ಇರತ್ತೆ. ಆದ್ರೆ ನೀವು ಮಾತಾಡ್ದೆ ತಗೊಳ್ತಾ ಹೋದ್ರೆ ಆರು ತಿಂಗ್ಳಲ್ಲಿ ಅದು ನಿಮ್ಮ ಕೆಲ್ಸವೇ ಆಗ್ಬಿಡತ್ತೆ, ಪಕ್ಕದೋರ ಸೋಮಾರಿತನ ಯಾರ ಕಣ್ಣಿಗೂ ಬೀಳೋದೇ ಇಲ್ಲ, ಯಾಕಂದ್ರೆ ಕೆಲ್ಸ ಆಗ್ತಿದೆಯಲ್ಲ!

ನಾನು ಹೇಳೋ ಮಾತು ಹೀಗಿರತ್ತೆ: "ಆಯ್ತು ಸಾರ್, ಮಾಡ್ತೀನಿ. ಇವತ್ತು ನನ್ನ ಹತ್ರ ದಿನದ ಗಡುವಿರೋ ಸಕಾಲದ ಹದಿನೆಂಟು ಅರ್ಜಿ ಇದೆ, ಹೈಕೋರ್ಟ್ ಕೇಸಿನ ಪ್ಯಾರಾವಾರು ಉತ್ರ ಇದೆ. ಇದು ಸೇರಿದ್ರೆ ಮೂರ್ರಲ್ಲಿ ಒಂದು ನಾಳೆಗೆ ಹೋಗತ್ತೆ, ಯಾವ್ದು ಹೋಗ್ಲಿ ಅಂತ ನೀವೇ ಹೇಳಿ." ಹತ್ರಲ್ಲಿ ಆರು ಸಲ ಅವ್ರು ಒಂದು ಕ್ಷಣ ಯೋಚ್ನೆ ಮಾಡಿ "ಇರ‍್ಲಿ, ಇದನ್ನ ಅವ್ರಿಗೆ ಕೊಡ್ತೀನಿ" ಅಂದಿದಾರೆ. ಉಳಿದ ನಾಲ್ಕು ಸಲ ಮಾಡಿದೀನಿ, ಆದ್ರೆ ಆಗ ತಡ ಆಗಿದ್ದಕ್ಕೆ ಬೈಗುಳ ಬಂದಿಲ್ಲ.

ಕಾರ್ಯ ಹಂಚಿಕೆ ಆದೇಶ ಅಂತ ಒಂದು ಇರತ್ತೆ, ಯಾರಿಗೆ ಯಾವ ವಿಷಯ ಅಂತ. ಸುಮಾರು ಜನಕ್ಕೆ ತಮ್ಮ ಆಫೀಸಿನ ಆ ಆದೇಶ ಯಾವ ವರ್ಷದ್ದು ಅಂತಾನೇ ಗೊತ್ತಿರಲ್ಲ, ಎಷ್ಟೋ ಕಡೆ ಅದ್ರಲ್ಲಿರೋರು ವರ್ಗವಾಗಿ ಹೋಗಿರ್ತಾರೆ. ಅದ್ರ ಕಾಪಿ ತಗೊಂಡು ಇಟ್ಕೊಳ್ಳಿ. ಹಳೇದಾಗಿದ್ರೆ ಹೊಸದು ಮಾಡಿ ಅಂತ ಶಿರಸ್ತೇದಾರ್ ಹತ್ರ ಕೇಳಿ, ಬೇಕಿದ್ರೆ ಕರಡು ನಾನೇ ಮಾಡ್ಕೊಡ್ತೀನಿ ಸಾರ್ ಅನ್ನಿ. ಖಾಸಗಿ ಕಂಪನೀಲಾದ್ರೆ ಇದೇ ಕೆಲ್ಸವನ್ನ ಒಂದು ಇಮೇಲ್ ಮಾಡತ್ತೆ, ಮೀಟಿಂಗ್ ಆದ್ಮೇಲೆ "ನಾವು ಮಾತಾಡಿದ ಹಾಗೆ ಇದು ನಂದು, ಇದು ನಿಮ್ದು, ಇಂಥ ದಿನದೊಳಗೆ" ಅಂತ ಎರಡು ಸಾಲು.

ಕೌಂಟರಿನ ಆ ಕಡೆ ನಿಂತಿರೋರನ್ನ ನೋಡಿ

ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಮುಖ್ಯವಾದ್ದು ಇದು.

ಒಬ್ರು ಅಜ್ಜಿ ಸಂಧ್ಯಾ ಸುರಕ್ಷಾ ಪಿಂಚಣಿ ನಾಲ್ಕು ತಿಂಗ್ಳಿಂದ ಬಂದಿಲ್ಲ ಅಂತ ಬರ್ತಿದ್ರು. ತಿಂಗ್ಳಿಗೆ 1,200 ರೂಪಾಯಿ ಅದು. ಪ್ರತಿ ಸಲ ಬಂದಾಗ್ಲೂ ಒಂದು ಪ್ಲಾಸ್ಟಿಕ್ ಕವರಲ್ಲಿ ಪಾಸ್‌ಬುಕ್ಕು, ಆಧಾರ್ ಕಾರ್ಡು, ಹಳೇ ಆದೇಶದ ಪ್ರತಿ ಸುತ್ತಿ ಅದನ್ನ ಸೆರಗಿನ ಗಂಟಲ್ಲಿಟ್ಕೊಂಡು ಬರೋರು, ಬಿಚ್ಚೋಕೇ ಎರಡು ನಿಮಿಷ ಬೇಕು, ಆದೇಶದ ಕಾಗದ ಮಡಿಕೆ ಬಿದ್ದ ಕಡೆಯೆಲ್ಲ ಹರಿದು ನಾಲ್ಕು ಚೂರಾಗಿತ್ತು, ಹಿಂದುಗಡೆ ಯಾರೋ ಸೆಲ್ಲೋಟೇಪ್ ಅಂಟಿಸಿದ್ರು. ಶಕ್ತಿ ಯೋಜನೆ ಬಂದ್ಮೇಲೆ ಬಸ್ ಚಾರ್ಜ್ ಇಲ್ಲ, ನಿಜ, ಆದ್ರೆ ಬಂದ ದಿನ ಅವ್ರ ಕೂಲಿ ಹೋಗತ್ತೆ, ಆ ವಯಸ್ಸಲ್ಲೂ ಶುಂಠಿ ಕೀಳೋಕೆ ಹೋಗೋರು. ಫೈಲು ನನ್ನದಲ್ಲ, ಪಕ್ಕದ ಟೇಬಲ್ಲಿನದು, ಆ ಟೇಬಲ್ಲಿನೋರು ಸೀಟಲ್ಲಿರಲ್ಲ. ಮೂರು ಸಲ ನಾನೂ "ಅವ್ರು ಬಂದ್ಮೇಲೆ ಕೇಳಿ ಅಜ್ಜಿ" ಅಂದ್ಬಿಟ್ಟೆ, ಯಾಕಂದ್ರೆ ಅವ್ರ ಕೆಲ್ಸ ನಾನ್ಯಾಕೆ ಮಾಡ್ಲಿ ಅಂತ ಹಠ ಹಿಡ್ದಿದ್ದೆ. ನಾಲ್ಕ್ನೇ ಸಲ ಅವ್ರು, "ನೀವೇ ಇರ‍್ತೀರಲ್ಲವ್ವ ಯಾವಾಗ್ಲೂ, ಅದಕ್ಕೆ ನಿಮ್ಮನ್ನೇ ಕೇಳ್ತೀನಿ" ಅಂದ್ರು. ನನಗೆ ಮಾತೇ ಹೊರಡ್ಲಿಲ್ಲ. ನಾನು ಪಕ್ಕದೋರ ಮೇಲೆ ತೀರಿಸ್ಕೊಳ್ತಿದ್ದ ಸೇಡು ಅವ್ರಿಗೆ ತಾಗ್ಲೇ ಇಲ್ಲ, ಪೂರ್ತಿ ಈ ಅಜ್ಜಿಗೆ ತಾಗಿತ್ತು.

ಅವತ್ತು ಅಜ್ಜಿನ ಕರ್ಕೊಂಡೇ ಶಿರಸ್ತೇದಾರ್ ಹತ್ರ ಹೋದೆ. "ಸಾರ್, ಈ ಅರ್ಜಿ ನನ್ನ ವಿಷಯ ಅಲ್ಲ, ಅಜ್ಜಿ ನಾಲ್ಕ್ನೇ ಸಲ ಬಂದಿರೋದು, ಯಾರು ನೋಡ್ಬೇಕು ಅಂತ ಹೇಳಿ" ಅಂದೆ. ಆಧಾರ್ ಖಾತೆಗೆ ಸರಿಯಾಗಿ ಲಿಂಕ್ ಆಗಿರ್ಲಿಲ್ಲ, ಇಷ್ಟೇ ಸಮಸ್ಯೆ, ಒಂದು ಚೀಟಿ ಬರ್ದು ಬ್ಯಾಂಕಿಗೆ ಕಳ್ಸಿದ್ರೆ ಮುಗೀತಿತ್ತು. ಕಳ್ಸಿದ್ವಿ. ಗಮನಿಸಿ, ನಾನು ಪಕ್ಕದೋರ ಕೆಲ್ಸವನ್ನ ಗುಟ್ಟಾಗಿ ಮಾಡ್ಲಿಲ್ಲ, ಅವ್ರ ಮೇಲೆ ದೂರೂ ಹೇಳ್ಲಿಲ್ಲ, ಕಾಗದವನ್ನ ಬೆಳಕಿಗೆ ತಂದೆ ಅಷ್ಟೇ. ಇಷ್ಟು ಮಾಡಿದ್ರೆ ನಿಮ್ಮ ಗಡಿನೂ ಉಳಿಯತ್ತೆ, ಬಂದೋರ ಕೆಲ್ಸಾನೂ ಆಗತ್ತೆ.

ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್‌ನಿಂದ ಇಡೀ ರಾಜ್ಯದಲ್ಲಿ ಜಾರಿಯಾಯ್ತು. ಗೊತ್ತುಪಡಿಸಿದ ದಿನದೊಳಗೆ ಸೇವೆ ಕೊಡ್ದಿದ್ರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದ್ರೆ 500 ರೂಪಾಯಿ ಪರಿಹಾರ ಕೊಡ್ಬೇಕು, ಅದು ತಡ ಮಾಡಿದೋರಿಂದ ವಸೂಲಾಗತ್ತೆ. ಬಂದೋರಿಗೆ ಸ್ವೀಕೃತಿ ಚೀಟಿ ಮೇಲಿರೋ 15 ಅಂಕಿಯ ಜಿಎಸ್‌ಸಿ ನಂಬರ್ (ಸಕಾಲ ಅರ್ಜಿಯ ಗುರುತಿನ ಸಂಖ್ಯೆ) ತೋರ್ಸಿ, "ಇದನ್ನ ಜೋಪಾನವಾಗಿಟ್ಕೊಳ್ಳಿ, ದಿನ ಮೀರಿದ್ರೆ ಮೇಲ್ಮನವಿ ಹಾಕ್ಬಹುದು" ಅಂತ ಹೇಳ್ಕೊಡಿ. ಸೋಮಾರಿ ಸಹೋದ್ಯೋಗಿನ ನೀವು ತಿದ್ದೋದಕ್ಕಿಂತ ಜನರಿಗೆ ಅವ್ರ ಹಕ್ಕು ಗೊತ್ತಾಗೋದು ಎಷ್ಟೋ ಪಾಲು ಬಲವಾದ್ದು.

ಅಮೆರಿಕದ ಒಂದು ಯೂನಿವರ್ಸಿಟಿಲಿ ಫೋನ್ ಮಾಡಿ ದೇಣಿಗೆ ಕೇಳೋ ಕೆಲ್ಸದೋರ ಮೇಲೆ ಒಂದು ಅಧ್ಯಯನ ಆಗಿತ್ತು, 2007ರಲ್ಲಿ ಪ್ರಕಟವಾಯ್ತು. ಆ ದುಡ್ಡಿಂದ ಸ್ಕಾಲರ್‌ಶಿಪ್ ಪಡೆದ ಒಬ್ಬ ವಿದ್ಯಾರ್ಥಿ ಜೊತೆ ಐದೇ ನಿಮಿಷ ಮಾತಾಡ್ಸಿದ್ರು, ಒಂದು ತಿಂಗ್ಳಾದ್ಮೇಲೆ ನೋಡಿದ್ರೆ ಅವ್ರು ಫೋನಲ್ಲಿ ಕಳೆಯೋ ಹೊತ್ತು ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು. ಸಂಬ್ಳ ಅಷ್ಟೇ, ಮ್ಯಾನೇಜರೂ ಅವ್ರೇ. ನೀವು ಹಿಂದಿನ ಸಾಲಲ್ಲಿ ಕೂತು ಬರೀ ಸ್ಕ್ರೀನ್ ನೋಡೋ ಕೆಲ್ಸದೋರಾದ್ರೆ ತಿಂಗ್ಳಿಗೊಂದು ಸಲವಾದ್ರೂ ಎದ್ದು ಹೋಗಿ, ನಿಮ್ಮ ಕೆಲ್ಸ ಕೊನೆಗೆ ಯಾರ ಕೈ ಸೇರತ್ತೆ ಅವ್ರನ್ನ ಮಾತಾಡಿಸ್ಕೊಂಡು ಬನ್ನಿ.

ಮಾತಾಡ್ಬೇಕಾದಾಗ

ಸಹೋದ್ಯೋಗಿ ಹತ್ರ ಮಾತಾಡೋದಾದ್ರೆ ಒಬ್ರೇ ಇದ್ದಾಗ, ಒಂದೇ ವಿಷಯ, ಒಂದೇ ಫೈಲು. "ನೀವು ಯಾವಾಗ್ಲೂ ಹಿಂಗೇ" ಅಂತ ಶುರು ಮಾಡಿದ್ರೆ ಅಲ್ಲಿಗೆ ಮುಗೀತು. "ಸಾರ್, ಈ ವರದಿ ನಿಮ್ಮಿಂದ ಗುರುವಾರ ಬಂದ್ರೆ ನಾನು ಶುಕ್ರವಾರ ಕಳಿಸ್ಬಹುದು, ಇಲ್ಲಾಂದ್ರೆ ಸೋಮವಾರದ ಸಭೇಲಿ ಇಬ್ರಿಗೂ ಕಷ್ಟ" ಅನ್ನಿ. ಮೇಲಿನೋರ ಹತ್ರ ಹೋದ್ರೂ ಅಷ್ಟೇ, ಮನುಷ್ಯನ ಹೆಸ್ರು ಬೇಡ, ಫೈಲ್ ನಂಬರ್ ಸಾಕು. ಆದ್ರೆ ಲಂಚಕ್ಕೋಸ್ಕರ ಫೈಲು ಹಿಡಿದಿಟ್ಕೊಂಡಿದಾರೆ ಅಂದ್ರೆ ಅದು ಸೋಮಾರಿತನದ ವಿಷಯ ಅಲ್ಲ, ಅದನ್ನ ಸುಮ್ನೆ ನೋಡ್ತಾ ಕೂರ್ಬಾರ್ದು, ಅದಕ್ಕೆ ಲೋಕಾಯುಕ್ತ ಇದೆ.

ನಿಮಗೋಸ್ಕರ ಒಂದಿಷ್ಟು ಇಟ್ಕೊಳ್ಳಿ

ಐದೂವರೆಗೆ ಎದ್ದು ಹೋಗಿ. ದಿನಾ ಎಂಟರ ತನಕ ಕೂತ್ರೆ ಕೆಲ್ಸ ಮುಗಿಯಲ್ಲ, ನೀವು ಮುಗೀತೀರಿ. ಸಿಎಲ್ (ಸಾಂದರ್ಭಿಕ ರಜೆ) ಇದ್ರೆ ತಗೊಳ್ಳಿ, ನಾನಿಲ್ದಿದ್ರೆ ಆಫೀಸ್ ನಡಿಯಲ್ಲ ಅನ್ನೋ ಭಾವನೆ ಬೆಳೆಸ್ಕೊಳ್ಬೇಡಿ, ನೀವಿಲ್ದಿರೋ ದಿನಾನೇ ನಿಮ್ಮ ಕೆಲ್ಸ ಎಷ್ಟು ಅಂತ ಸಾಹೇಬ್ರಿಗೆ ಗೊತ್ತಾಗೋದು. ಉಳಿದ ಶಕ್ತಿನ ನಿಮ್ಮ ಮೇಲೆ ಹಾಕಿ, ಇಲಾಖಾ ಪರೀಕ್ಷೆಯ ಅಕೌಂಟ್ಸ್ ಹೈಯರ್, ಜನರಲ್ ಲಾ, ರೆವಿನ್ಯೂ ಪೇಪರುಗಳು ಬಾಕಿ ಇದ್ರೆ ಬರ್ದು ಮುಗ್ಸಿ, ಬಡ್ತಿ ಟೈಮಲ್ಲಿ ಇಲಾಖಾ ಪರೀಕ್ಷೆ ಪಾಸಾಗಿಲ್ಲ ಅಂತ ನಿಂತ್ಕೊಂಡೋರನ್ನ ಕಣ್ಣಾರೆ ನೋಡಿದೀನಿ. ಕೆಎಎಸ್ ಆಸೆ ಇದ್ರೆ ಓದಿ.

ಇಷ್ಟೆಲ್ಲ ಮಾಡಿನೂ ಒಂದು ವರ್ಷದಲ್ಲಿ ಏನೂ ಬದ್ಲಾಗ್ಲಿಲ್ಲ, ಭಾನುವಾರ ಸಂಜೆ ಆದ್ರೆ ಹೊಟ್ಟೇಲಿ ಸಂಕಟ ಶುರುವಾಗತ್ತೆ ಅಂದ್ರೆ ಸೆಕ್ಷನ್ ಬದ್ಲಾವಣೆ ಕೇಳಿ, ಅದೂ ಆಗ್ಲಿಲ್ಲ ಅಂದ್ರೆ ವರ್ಗಾವಣೆಗೆ ಅರ್ಜಿ ಹಾಕಿ, ಅದ್ರಲ್ಲಿ ಸೋತ ಹಾಗೇನೂ ಇಲ್ಲ. ಆದ್ರೆ ಚಾರ್ಜ್ ಕೊಡೋವಾಗ ನಿಮ್ಮ ನೋಟ್‌ಬುಕ್ ನೋಡಿ ಬಾಕಿ ಪಟ್ಟಿ ನೀಟಾಗಿ ಮಾಡ್ಕೊಡಿ, ಯಾವ ಫೈಲು ಎಲ್ಲಿದೆ, ಯಾರಿಂದ ಏನು ಬರ್ಬೇಕು, ಯಾರು ಎಷ್ಟು ಸಲ ಬಂದು ಹೋಗಿದಾರೆ ಅಂತ. ಇಲ್ಲಾಂದ್ರೆ ಹೊಸಬರು ಬಂದು ಆ ಕುರ್ಚೀಲಿ ಕೂತಾಗ ಕೌಂಟರಲ್ಲಿರೋ ಅಜ್ಜಿ ಕವರು ಬಿಚ್ಚಿ ಮೊದಲ್ನಿಂದ ಕಥೆ ಹೇಳ್ಬೇಕಾಗತ್ತೆ.